ಅಪ್ಪ ಹೈದರಾಬಾದಿನಲ್ಲಿ, ಅಮ್ಮ ಪೊನ್ನಂಪೇಟೆಯಲ್ಲಿ: ಮಕ್ಕಳ ಕೇಸು ಯಾವ ಕೋರ್ಟಿಗೆ ಸೇರಿದ್ದು?

ಪ್ರಶ್ನೆ: ನಾನು ಪೊನ್ನಂಪೇಟೆ ಹತ್ತಿರ ತವರಿನಲ್ಲಿದ್ದೇನೆ. ಮದುವೆ ಗೋಣಿಕೊಪ್ಪದಲ್ಲಿ ಆಯಿತು. ಆಮೇಲೆ ಒಂಬತ್ತು ವರ್ಷ ಹೈದರಾಬಾದಿನಲ್ಲಿ ಸಂಸಾರ, ಗಂಡನಿಗೆ ಅಲ್ಲೇ ಸಾಫ್ಟ್‌ವೇರ್ ಕೆಲಸ. ಅವರೂ ಕೊಡಗಿನವರೇ, ಅತ್ತೆ-ಮಾವ ನಾಪೋಕ್ಲು ಕಡೆ ತೋಟದಲ್ಲಿದ್ದಾರೆ. ಹೊಂದಾಣಿಕೆ ಆಗದೆ ಕಳೆದ ವರ್ಷ ಏಪ್ರಿಲ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಬಂದೆ. ಹೊಡೆತ ಬಡಿತ ಏನೂ ಇರಲಿಲ್ಲ. ಮಗನಿಗೆ ಏಳು, ಎರಡನೇ ಕ್ಲಾಸು. ಮಗಳಿಗೆ ನಾಲ್ಕು, ಎಲ್‌ಕೆಜಿ. ಇಬ್ಬರೂ ಇಲ್ಲೇ ಶಾಲೆಗೆ ಹೋಗುತ್ತಾರೆ. ಈಗ ಹೈದರಾಬಾದಿನ ಫ್ಯಾಮಿಲಿ ಕೋರ್ಟಿನಿಂದ ನೋಟಿಸ್ ಬಂದಿದೆ, ಮಕ್ಕಳನ್ನು ಅವರಿಗೆ ಒಪ್ಪಿಸಬೇಕಂತೆ. ‘ಐದು ವರ್ಷ ದಾಟಿದ ಗಂಡುಮಗ ಅಪ್ಪನ ಒಕ್ಕಕ್ಕೆ (ಮನೆತನಕ್ಕೆ) ಸೇರಿದವನು, ಕೋರ್ಟಿಗೆ ಹೋದರೂ ಅದೇ ಹೇಳ್ತಾರೆ’ ಎಂದು ನಮ್ಮ ದೊಡ್ಡಪ್ಪ ಅನ್ನುತ್ತಾರೆ. ‘ಬೇರೆ ರಾಜ್ಯದ ಕೋರ್ಟು ನಮ್ಮನ್ನೇನು ಮಾಡುತ್ತೆ, ಆ ಕಡೆ ತಲೆ ಹಾಕಬೇಡ’ ಎನ್ನುವುದು ಅಮ್ಮನ ಮಾತು. ಸುಗ್ಗಿ ಹಬ್ಬ ಪುತ್ತರಿಗೆ ಮಕ್ಕಳನ್ನು ಐನ್‌ಮನೆಗೆ (ಒಕ್ಕದ ಮೂಲಮನೆಗೆ) ಕಳಿಸು ಎಂದು ಗಂಡ ಕೇಳುತ್ತಿದ್ದಾರೆ. ಕಳಿಸಿದರೆ ಹಾಗೇ ಹೈದರಾಬಾದಿಗೆ ಕರೆದುಕೊಂಡು ಹೋದರೆ ಏನು ಗತಿ? ನಾನು ಮಡಿಕೇರಿಯಲ್ಲಿ ಕೇಸು ಹಾಕಬಹುದೇ?

ಉತ್ತರ: ಮೊದಲು ನೋಟಿಸಿನ ವಿಚಾರ. ನಿಮ್ಮ ಪ್ರಶ್ನೆಗಳಲ್ಲಿ ಕೋರ್ಟು ದಿನಾಂಕ ಹಾಕಿರುವುದು ಅದೊಂದಕ್ಕೇ.

ಅಮ್ಮನ ಮಾತನ್ನು ಈ ಒಂದು ವಿಷಯದಲ್ಲಿ ಕೇಳಬೇಡಿ. ನೀವು ಹೋಗದಿದ್ದರೆ ಹೈದರಾಬಾದಿನ ಕೋರ್ಟು ಕೇಸು ಬಿಟ್ಟುಬಿಡುವುದಿಲ್ಲ, ನಿಮ್ಮನ್ನು ಬಿಟ್ಟು ನಡೆಸುತ್ತದೆ. ಆಗ ಹೊರಬರುವುದು ಏಕಪಕ್ಷೀಯ ಆದೇಶ. ತೆಲಂಗಾಣದ ಆದೇಶ ಕೊಡಗಿನಲ್ಲಿ ನಡೆಯುವುದಿಲ್ಲ ಎಂದುಕೊಂಡಿದ್ದರೆ ಅದೂ ತಪ್ಪು. ದೇಶದ ಯಾವುದೇ ಭಾಗದ ಸಿವಿಲ್ ನ್ಯಾಯಾಲಯದ ಅಂತಿಮ ತೀರ್ಪು ಅಥವಾ ಆದೇಶವನ್ನು ಇನ್ನೊಂದು ಭಾಗದಲ್ಲಿ ಜಾರಿ ಮಾಡಬಹುದು ಎಂದು ಸಂವಿಧಾನದ 261ನೇ ವಿಧಿಯೇ ಹೇಳುತ್ತದೆ. ಅಮೆರಿಕದ ಕೋರ್ಟಿನ ಆದೇಶವಾದರೆ ಅದನ್ನು ಇಲ್ಲಿ ಒಪ್ಪಬೇಕೋ ಬೇಡವೋ ಎಂದು ವಾದಿಸಬಹುದು. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಯೇ ಇಲ್ಲ. ಹೈದರಾಬಾದಿನ ಆದೇಶದ ಮುಂದೆ ಆ ವಾದಕ್ಕೆ ಜಾಗವಿಲ್ಲ.

ಆದರೆ ಅಮ್ಮನ ಮಾತಿನೊಳಗೆ ಅವರಿಗೇ ಗೊತ್ತಿಲ್ಲದ ಒಂದು ಸತ್ಯವಿದೆ. ಈ ಕೇಸು ನಡೆಸುವ ಅಧಿಕಾರ ಹೈದರಾಬಾದಿನ ಕೋರ್ಟಿಗೆ ಇಲ್ಲದೆಯೂ ಇರಬಹುದು. ಅದನ್ನು ಹೇಳಬೇಕಾದ ಜಾಗ ಮಾತ್ರ ಆ ಕೋರ್ಟೇ.

ಮಕ್ಕಳ ಸುಪರ್ದಿಯ, ಅಂದರೆ ಮಕ್ಕಳು ಯಾರ ಬಳಿ ಇರಬೇಕು ಎಂಬ, ಅರ್ಜಿಗಳಿಗೆ ಇಂದಿಗೂ ಆಧಾರ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ನೂರಮೂವತ್ತು ವರ್ಷ ದಾಟಿದ, ಬ್ರಿಟಿಷರ ಕಾಲದ ಕಾನೂನು. ಹಳೆಯದಾದರೂ ಒಂದು ವಿಷಯದಲ್ಲಿ ಅದು ಬಹಳ ಸ್ಪಷ್ಟ. ಅದರ 9ನೇ ಸೆಕ್ಷನ್ ಪ್ರಕಾರ ಅರ್ಜಿ ಹೋಗಬೇಕಾದದ್ದು ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಮೇಲೆ ಅಧಿಕಾರವಿರುವ ಜಿಲ್ಲಾ ನ್ಯಾಯಾಲಯಕ್ಕೆ. ಅಪ್ಪನ ನೌಕರಿ ಎಲ್ಲಿ, ಅಮ್ಮನ ತವರು ಎಲ್ಲಿ, ಮದುವೆ ಎಲ್ಲಿ ಆಯಿತು, ಇದಾವುದೂ ಅಲ್ಲಿ ಲೆಕ್ಕಕ್ಕಿಲ್ಲ. ಫ್ಯಾಮಿಲಿ ಕೋರ್ಟ್ ಇರುವ ಕಡೆ ಜಿಲ್ಲಾ ನ್ಯಾಯಾಲಯದ ಈ ಅಧಿಕಾರ 1984ರ ಕಾಯ್ದೆಯಿಂದ ಅದಕ್ಕೆ ಹೋಗಿದೆ, ಅಷ್ಟೇ ವ್ಯತ್ಯಾಸ.

‘ಸಾಮಾನ್ಯವಾಗಿ ವಾಸಿಸುವ’ ಎಂದರೆ ಎಷ್ಟು ತಿಂಗಳು ಎಂದು ಕೇಳುತ್ತೀರಿ. ಕಾನೂನು ಯಾವ ಅಂಕಿಯನ್ನೂ ಕೊಟ್ಟಿಲ್ಲ. ರುಚಿ ಮಜೂ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಇದು ಬಹುಮಟ್ಟಿಗೆ ಸಂಗತಿಗಳನ್ನು ನೋಡಿ ತೀರ್ಮಾನಿಸುವ ವಿಷಯ, ಆ ಊರಿನಲ್ಲಿ ನೆಲೆಸುವ ಉದ್ದೇಶ ಇತ್ತೇ ಎಂಬುದೂ ಅದರಲ್ಲಿ ಸೇರುತ್ತದೆ. ಅಲ್ಲಿ ತಾಯಿ ಅಮೆರಿಕದಿಂದ ಮಗನನ್ನು ಕರೆತಂದು ದೆಹಲಿಯಲ್ಲಿ ಶಾಲೆಗೆ ಸೇರಿಸಿದ್ದರು. ಅದಕ್ಕೆ ಒಪ್ಪಿ ತಂದೆ ಬರೆದುಕೊಟ್ಟಿದ್ದ ಪತ್ರವೂ ಲೆಕ್ಕಕ್ಕೆ ಬಂತು. ಕೊನೆಗೆ ದೆಹಲಿಯ ಕೋರ್ಟಿಗೇ ಅಧಿಕಾರವಿದೆ ಎಂದಾಯಿತು.

ನೀವು ಬಂದು ಒಂದು ವರ್ಷ ದಾಟಿದೆ. ಮಗ ಇಲ್ಲಿ ಒಂದು ತರಗತಿ ಮುಗಿಸಿ ಎರಡನೆಯದರಲ್ಲಿದ್ದಾನೆ. ಕಳೆದ ತಿಂಗಳು ಬಂದವರಾಗಿದ್ದರೆ ನನ್ನ ಉತ್ತರ ಬೇರೆಯೇ ಇರುತ್ತಿತ್ತು. ರಜೆಗೆಂದು ತವರಿಗೆ ಬಂದು ವಾರ ಕಳೆಯುವುದರೊಳಗೆ ‘ಮಕ್ಕಳು ಇಲ್ಲಿಯವರು’ ಎಂದರೆ ಯಾವ ನ್ಯಾಯಾಧೀಶರೂ ನಂಬುವುದಿಲ್ಲ. ನಿಮ್ಮ ಕೈಯಲ್ಲಿ ಶಾಲೆಯ ಸೇರ್ಪಡೆ ದಾಖಲೆ, ಫೀಸಿನ ರಸೀದಿ, ಲಸಿಕೆ ಕಾರ್ಡು, ಇಲ್ಲಿನ ಮಕ್ಕಳ ಡಾಕ್ಟರ ಚೀಟಿಗಳು ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಗಂಡನ ಹಳೆಯ ಮೆಸೇಜುಗಳನ್ನು ಹುಡುಕಿ. ಶಾಲೆಯ ಫೀಸು ಅವರು ಕಳಿಸಿದ್ದರೆ, ‘ಅಲ್ಲೇ ಓದಲಿ ಬಿಡು’ ಎಂದು ಒಂದು ಸಲ ಬರೆದಿದ್ದರೂ ಸಾಕು, ಅದು ಬಂಗಾರ. ಫೋನ್ ಬದಲಾಯಿಸುವ ಯೋಚನೆ ಇದ್ದರೆ ಈಗ ಬೇಡ.

ಈ ಆಕ್ಷೇಪಣೆಗೆ ಸಮಯ ಮುಖ್ಯ. ಎಲ್ಲಿ ದಾವೆ ಹೂಡಬೇಕಿತ್ತು ಎಂಬ ತಕರಾರನ್ನು ಮೊದಲ ಅವಕಾಶದಲ್ಲೇ ಎತ್ತಬೇಕು, ವಿವಾದಾಂಶಗಳು (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳು) ನಿಗದಿಯಾದ ಮೇಲೆ ಎತ್ತಿದರೆ ತಡ ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಸೆಕ್ಷನ್. ಹಾಗಾಗಿ ಹೈದರಾಬಾದಿನಲ್ಲಿ ಒಬ್ಬ ವಕೀಲರಿಗೆ ವಕಾಲತ್ತು ಕೊಟ್ಟು, ಲಿಖಿತ ಆಕ್ಷೇಪಣೆಯ ಮೊದಲ ಪ್ಯಾರಾದಲ್ಲೇ ನ್ಯಾಯವ್ಯಾಪ್ತಿಯ ಪ್ರಶ್ನೆ ಹಾಕಿಸಿ. ಕೋರ್ಟು ಒಪ್ಪಿದರೆ ಅರ್ಜಿಯನ್ನು ಸರಿಯಾದ ನ್ಯಾಯಾಲಯಕ್ಕೆ ಹಾಕಿಕೊಳ್ಳಿ ಎಂದು ಅವರಿಗೇ ಮರಳಿಸುತ್ತದೆ. ಸಾಕ್ಷ್ಯ ನೋಡಿ ಹೇಳುತ್ತೇವೆ ಎಂದು ಮುಂದಕ್ಕೆ ಹಾಕುವುದೂ ಉಂಟು. ಹಾಗಾದರೆ ಬೇಸರ ಬೇಡ, ತಕರಾರು ಕಡತದಲ್ಲಿ ಉಳಿದಿರುತ್ತದೆ.

ಒಂದು ತಿರುವು ಮಾತ್ರ ನಿಮಗೆ ಗೊತ್ತಿರಬೇಕು. ನಿಮಗೆ ಬಂದಿರುವ ನೋಟಿಸ್ ಯಾವ ಕಾಯ್ದೆಯಡಿ ಎಂದು ಮೇಲ್ಗಡೆ ಬರೆದಿರುತ್ತದೆ, ನೋಡಿ. ಗಾರ್ಡಿಯನ್ಸ್ ಕಾಯ್ದೆಯ ಅರ್ಜಿಯಾದರೆ ಮೇಲೆ ಹೇಳಿದ್ದೆಲ್ಲ ಸರಿ. ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನವನ್ನೋ, ಮತ್ತೆ ಒಟ್ಟಿಗೆ ಬಾಳಲು ಆದೇಶವನ್ನೋ ಕೇಳಿ, ಅದರ ಜೊತೆಗೆ ಮಕ್ಕಳನ್ನೂ ಕೇಳಿದ್ದರೆ ಲೆಕ್ಕ ಬದಲಾಗುತ್ತದೆ. ಗಂಡ ಹೆಂಡತಿ ಕೊನೆಯದಾಗಿ ಒಟ್ಟಿಗೆ ಇದ್ದ ಊರಿನಲ್ಲಿ ಅಂಥ ಅರ್ಜಿ ಹಾಕಬಹುದು, ನಿಮ್ಮ ವಿಷಯದಲ್ಲಿ ಅದು ಹೈದರಾಬಾದೇ. ಆ ಕೇಸು ನಡೆಯುತ್ತಿರುವಾಗ ಮಕ್ಕಳ ಬಗ್ಗೆಯೂ ಆದೇಶ ಮಾಡುವ ಅಧಿಕಾರ ಅದೇ ಕೋರ್ಟಿಗೆ 26ನೇ ಸೆಕ್ಷನ್‌ನಿಂದ ಸಿಗುತ್ತದೆ. ಆಗ ‘ಮಕ್ಕಳು ಕೊಡಗಿನಲ್ಲಿದ್ದಾರೆ’ ಎಂಬ ಒಂದೇ ವಾದ ಸಾಲುವುದಿಲ್ಲ. ಒಂದು ರಾಜ್ಯದ ಕೇಸನ್ನು ಇನ್ನೊಂದು ರಾಜ್ಯಕ್ಕೆ ವರ್ಗಾಯಿಸುವ ಅಧಿಕಾರ ಇರುವುದು ಸುಪ್ರೀಂ ಕೋರ್ಟಿಗೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಸೆಕ್ಷನ್ ಪ್ರಕಾರ. ಚಿಕ್ಕ ಮಕ್ಕಳ ತಾಯಿ, ದೂರದ ಪ್ರಯಾಣ, ಸ್ವಂತ ಆದಾಯ ಇಲ್ಲ ಎಂಬ ಕಾರಣಗಳಿಗೆ ಅಲ್ಲಿ ತೂಕವಿದೆ, ಆದರೆ ವರ್ಗಾವಣೆ ತಾನಾಗಿ ಆಗುವಂಥದ್ದಲ್ಲ. ವಿಡಿಯೊ ಮೂಲಕ ಹಾಜರಾಗಿ ಎನ್ನುವುದೂ ಉಂಟು. ಮದುವೆ ವ್ಯಾಜ್ಯಗಳಲ್ಲಿ ರಾಜಿ ಪ್ರಯತ್ನ ಮುಗಿದ ಮೇಲೆ, ಇಬ್ಬರೂ ಒಪ್ಪಿದರೆ ಮಾತ್ರ ವಿಡಿಯೊ ವಿಚಾರಣೆ ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಹೇಳಿತ್ತು. ಕೋವಿಡ್ ಬಂದ ಮೇಲೆ ಹೈಕೋರ್ಟುಗಳು ವಿಡಿಯೊ ಕಲಾಪಕ್ಕೆ ನಿಯಮಗಳನ್ನೇ ಮಾಡಿಕೊಂಡವು. ಪ್ರತಿ ವಾಯಿದೆಗೂ ಮೈಸೂರಿಗೆ ಹೋಗಿ ರೈಲು ಹತ್ತುವ ಅಗತ್ಯ ಈಗ ಇಲ್ಲ ಎಂದಿಟ್ಟುಕೊಳ್ಳಿ.

ಇನ್ನು ಮಡಿಕೇರಿಯಲ್ಲಿ ನೀವೇ ಹಾಕುವ ಮಾತು. ಹಾಕಬಹುದು. ಇಂಥ ಅರ್ಜಿ ಸಾಮಾನ್ಯವಾಗಿ ಜಿಲ್ಲಾ ಮಟ್ಟದ ನ್ಯಾಯಾಲಯಕ್ಕೆ ಹೋಗುವುದರಿಂದ ಪೊನ್ನಂಪೇಟೆಯ ಕೋರ್ಟು ಸಾಲದು. ಆದರೆ ಹಾಕುವ ಮುಂಚೆ ಅದೇ 1890ರ ಕಾಯ್ದೆಯ 14ನೇ ಸೆಕ್ಷನ್ ಓದಬೇಕು. ಒಂದೇ ಮಗುವಿಗೆ ಪಾಲಕರನ್ನು ನೇಮಿಸುವ ಪ್ರಕ್ರಿಯೆ ಎರಡು ಕೋರ್ಟುಗಳಲ್ಲಿ ಶುರುವಾದರೆ, ಗೊತ್ತಾದ ಕೂಡಲೇ ಎರಡೂ ಕೋರ್ಟುಗಳು ತಡೆದು ನಿಲ್ಲಬೇಕು. ಎರಡೂ ಒಂದೇ ಹೈಕೋರ್ಟಿನ ಕೆಳಗಿದ್ದರೆ ಅದಕ್ಕೆ ವರದಿ ಮಾಡಬೇಕು, ಇಲ್ಲದಿದ್ದರೆ ಆಯಾ ರಾಜ್ಯ ಸರ್ಕಾರಗಳಿಗೆ! ಇಂದಿನ ಕಾಲಕ್ಕೆ ವಿಚಿತ್ರವಾಗಿ ಕಾಣುವ ಈ ಏರ್ಪಾಡನ್ನು ಯಾರೂ ತೆಗೆದುಹಾಕಿಲ್ಲ. ನೀವು ಕೇಳುವುದು ಪಾಲಕತ್ವವಲ್ಲ, ಅದೇ ಕಾಯ್ದೆಯ 25ನೇ ಸೆಕ್ಷನ್ನಿನ ಸುಪರ್ದಿ, ಎಂದು ನಿಮ್ಮ ವಕೀಲರು ವಾದಿಸಬಹುದು. ಎದುರಿನ ವಕೀಲರು ಅದನ್ನು ಒಪ್ಪಿಕೊಂಡು ಕೂರುವುದಿಲ್ಲ. ಎರಡು ಕಡೆಯೂ ಕೇಸು ಗಂಟಾಗಿ, ಮಕ್ಕಳ ಬಗ್ಗೆ ಎಲ್ಲೂ ಆದೇಶವಿಲ್ಲದೆ ವರ್ಷ ಉರುಳುವುದು ಅಂತರರಾಜ್ಯ ಕೇಸುಗಳ ದೊಡ್ಡ ಕಾಯಿಲೆ. ನನ್ನ ಸಲಹೆ ಇದು: ಮೊದಲು ಹೈದರಾಬಾದಿನಲ್ಲಿ ತಕರಾರು ದಾಖಲಿಸಿ. ಮಡಿಕೇರಿಯಲ್ಲಿ ಅರ್ಜಿ ಹಾಕುವುದೇ ಆದರೆ ಅಲ್ಲಿನ ಕೇಸಿನ ನಂಬರು, ಹಂತ ಎಲ್ಲವನ್ನೂ ಅರ್ಜಿಯಲ್ಲೇ ಹೇಳಿ. ಮುಚ್ಚಿಟ್ಟು ಪಡೆದ ಆದೇಶ ಬಹಳ ದಿನ ಬಾಳುವುದಿಲ್ಲ.

ಹೊಡೆತ ಬಡಿತ ಇರಲಿಲ್ಲ ಎಂದು ನೀವೇ ಬರೆದಿದ್ದೀರಿ. ಆ ಪ್ರಾಮಾಣಿಕತೆಯನ್ನು ಕೊನೆಯವರೆಗೂ ಇಟ್ಟುಕೊಳ್ಳಿ. ಕೌಟುಂಬಿಕ ದೌರ್ಜನ್ಯದ ಕಾಯ್ದೆಯಲ್ಲಿ, ನೀವು ತಾತ್ಕಾಲಿಕವಾಗಿ ವಾಸವಿರುವ ಊರಿನ ಮ್ಯಾಜಿಸ್ಟ್ರೇಟರೇ ಮಕ್ಕಳ ತಾತ್ಕಾಲಿಕ ಸುಪರ್ದಿ ಕೊಡಬಹುದು. ಅದು ಹತ್ತಿರದ ದಾರಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದೌರ್ಜನ್ಯ ನಡೆದಿದ್ದರೆ ಆ ದಾರಿ ಇರುವುದೇ ನಿಮಗಾಗಿ. ನಡೆಯದೆ ಬರೆಸಿದರೆ ಅಡ್ಡ ಸವಾಲಿನಲ್ಲಿ ಅದು ಕುಸಿಯುತ್ತದೆ, ಆಮೇಲೆ ನೀವು ಹೇಳುವ ನಿಜವೂ ಅನುಮಾನಕ್ಕೆ ಬೀಳುತ್ತದೆ.

ದೊಡ್ಡಪ್ಪನ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ಅರ್ಧ ಪದ್ಧತಿ, ಅರ್ಧ ಕಾನೂನು. ಕೊಡವರಲ್ಲಿ ಮಗು ತಂದೆಯ ಒಕ್ಕಕ್ಕೆ ಸೇರಿದ್ದು, ಅದರಲ್ಲಿ ವಾದವಿಲ್ಲ. ಮಗ ಪೊನ್ನಂಪೇಟೆಯಲ್ಲಿ ಬೆಳೆದರೂ ಅವನ ಮನೆಹೆಸರು ಬದಲಾಗುವುದಿಲ್ಲ, ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ (ದೀಪ ಬೆಳಗುವ ನಡುಮನೆಯಲ್ಲಿ) ಅವನ ಜಾಗ ಹೋಗುವುದಿಲ್ಲ. ಒಕ್ಕದ ಹಕ್ಕು ಬೇರೆ, ಮಗು ದಿನಾ ರಾತ್ರಿ ಯಾರ ಹತ್ತಿರ ಮಲಗಬೇಕು ಎಂಬುದು ಬೇರೆ. ಕೋರ್ಟು ಎರಡನೆಯದನ್ನು ಮಾತ್ರ ನೋಡುತ್ತದೆ.

ಆ ಐದು ವರ್ಷದ ಮಾತು ಬಂದಿರುವುದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಸೆಕ್ಷನ್‌ನಿಂದ. ಐದು ವರ್ಷ ತುಂಬದ ಮಗುವಿನ ಸುಪರ್ದಿ ಸಾಮಾನ್ಯವಾಗಿ ತಾಯಿಯದು ಎಂದು ಅದು ಹೇಳುತ್ತದೆ. ಐದು ತುಂಬಿದ ಮರುದಿನ ಮಗು ಅಪ್ಪನಿಗೆ ಎಂದು ಅದು ಎಲ್ಲಿಯೂ ಹೇಳಿಲ್ಲ. ಅದೇ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಎಲ್ಲಕ್ಕಿಂತ ಮೇಲಿರುವುದು ಮಗುವಿನ ಹಿತ. ಸಹಜ ಪಾಲಕ ತಂದೆ, ‘ಅವನ ನಂತರ’ ತಾಯಿ ಎಂಬ ವಾಕ್ಯವನ್ನೂ 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬೇರೆ ರೀತಿ ಓದಿತು. ತಂದೆ ತೀರಿಕೊಂಡ ಮೇಲೆ ಮಾತ್ರ ಎಂದು ಅದರ ಅರ್ಥವಲ್ಲ, ತಂದೆ ಮಗುವಿನ ಹೊಣೆ ಹೊರದೆ ಇರುವಾಗಲೂ ತಾಯಿಯೇ ಪಾಲಕಿ ಎಂದಿತು. ನಿಮಗೆ ಇನ್ನೊಂದು ಅನುಕೂಲವಿದೆ. ಮಗಳಿಗೆ ನಾಲ್ಕು. ಅಣ್ಣ ತಂಗಿಯನ್ನು ಎರಡು ರಾಜ್ಯಕ್ಕೆ ಹಂಚುವುದಕ್ಕೆ ನ್ಯಾಯಾಧೀಶರು ಸುಲಭವಾಗಿ ಮನಸ್ಸು ಮಾಡುವುದಿಲ್ಲ.

ಸಂಬಳದ ಹೋಲಿಕೆಗೆ ಹೆದರಬೇಡಿ. ‘ನನಗೆ ಲಕ್ಷ ಲಕ್ಷ ಸಂಬಳ, ಅವಳು ತವರಿನ ಹಂಗಿನಲ್ಲಿದ್ದಾಳೆ’ ಎಂದು ಅರ್ಜಿಯಲ್ಲಿ ಬರೆದಿರುತ್ತಾರೆ. ಆ ಸಂಬಳದಿಂದ ಮಕ್ಕಳ ಖರ್ಚಿಗೆ ಎಷ್ಟು ಬರಬೇಕು ಎಂದು ಲೆಕ್ಕ ಹಾಕಲು ಆ ವಾಕ್ಯ ನಿಮಗೇ ಉಪಯೋಗಕ್ಕೆ ಬರುತ್ತದೆ. ಮಕ್ಕಳ ಜೀವನಾಂಶದ ಅರ್ಜಿಯನ್ನು ನೀವಿರುವ ಜಿಲ್ಲೆಯಲ್ಲೇ ಹಾಕಬಹುದು. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಎನ್ನುತ್ತಿದ್ದದ್ದು 2024ರ ಜುಲೈಯಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144 ಆಗಿದೆ. ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಸಲ್ಲಿಸಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಎಂದು ಸುಪ್ರೀಂ ಕೋರ್ಟಿನ 2020ರ ರಜನೇಶ್ ತೀರ್ಪು ಹೇಳಿದೆ. ಒಂದು ಎಚ್ಚರಿಕೆ: ಹಣ ಬರಲಿಲ್ಲ ಎಂದು ಭೇಟಿ ನಿಲ್ಲಿಸಬೇಡಿ. ಭೇಟಿ ಸಿಗಲಿಲ್ಲ ಎಂದು ಹಣ ನಿಲ್ಲಿಸುವ ಹಕ್ಕು ಅವರಿಗೂ ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ಕಾನೂನು. ನನ್ನನ್ನು ಕೇಳಿದರೆ, ಎರಡು ರಾಜ್ಯದ ಕೇಸಿನಲ್ಲಿ ‘ಸುಪರ್ದಿ ಯಾರಿಗೆ’ ಎಂಬ ಒಂದು ಸಾಲಿಗಿಂತ, ಇನ್ನೊಬ್ಬರು ಮಗುವನ್ನು ಯಾವಾಗ, ಎಲ್ಲಿ, ಹೇಗೆ ನೋಡುತ್ತಾರೆ ಎಂಬ ಎರಡು ಪುಟ ಹೆಚ್ಚು ಬೆಲೆಬಾಳುತ್ತದೆ. ಆ ಎರಡು ಪುಟ ಸರಿಯಾಗಿ ಬರೆದಿರದ ಕಡೆ ಪ್ರತಿ ರಜೆಗೂ ಹೊಸ ಜಗಳ.

ನಮ್ಮ ಹೈಕೋರ್ಟ್ 2013ರಲ್ಲಿ ಕೆ.ಎಂ. ವಿನಯ ಪ್ರಕರಣದಲ್ಲಿ ಜಂಟಿ ಸುಪರ್ದಿ ಕೊಟ್ಟಿತ್ತು: ವರ್ಷದ ಮೊದಲ ಆರು ತಿಂಗಳು ತಂದೆಯ ಹತ್ತಿರ, ಉಳಿದ ಆರು ತಿಂಗಳು ತಾಯಿಯ ಹತ್ತಿರ. ಕಾನೂನು ಆಯೋಗ ಕೂಡ 2015ರ ತನ್ನ 257ನೇ ವರದಿಯಲ್ಲಿ ಹಂಚಿಕೊಂಡ ಪಾಲನೆಗೆ ಕಾನೂನಿನಲ್ಲೇ ಜಾಗ ಮಾಡಿಕೊಡಿ ಎಂದು ಶಿಫಾರಸು ಮಾಡಿತು. ಕೇಳಲು ಚೆನ್ನಾಗಿದೆ. ಪೊನ್ನಂಪೇಟೆಯ ಎರಡನೇ ಕ್ಲಾಸಿನ ಹುಡುಗ ಜನವರಿಯಲ್ಲಿ ತೆಲುಗು ಕಲಿಸುವ ಶಾಲೆಗೆ, ಜುಲೈಯಲ್ಲಿ ಕನ್ನಡ ಕಲಿಸುವ ಶಾಲೆಗೆ ಹೋಗಲು ಆಗುವುದಿಲ್ಲವಲ್ಲ. ಆರು ತಿಂಗಳ ಹಂಚಿಕೆಯನ್ನು ಯಾರಾದರೂ ಮುಂದಿಟ್ಟರೆ ಒಪ್ಪಬೇಡಿ. ಶಾಲೆ ಒಂದೇ ಊರಿನಲ್ಲಿ, ರಜೆ ಇನ್ನೊಂದು ಕಡೆ. ಎರಡು ರಾಜ್ಯಕ್ಕೆ ನಡೆಯುವ ಲೆಕ್ಕ ಇದೊಂದೇ.

2020ರ ಯಶಿತಾ ಸಾಹು ತೀರ್ಪು ನಿಮ್ಮಂಥವರಿಗೆಂದೇ ಬರೆದಂತಿದೆ. ತಂದೆ ತಾಯಿ ಬೇರೆ ಬೇರೆ ರಾಜ್ಯ ಅಥವಾ ದೇಶದಲ್ಲಿರುವಾಗ ಭೇಟಿಯ ಹಕ್ಕಿನ ಜೊತೆಗೆ ಸಂಪರ್ಕದ ಹಕ್ಕೂ ಮುಖ್ಯ, ವಿಶೇಷ ಕಾರಣವಿಲ್ಲದಿದ್ದರೆ ಮಗು ಹತ್ತಿರ ಇಲ್ಲದವರಿಗೆ ದಿನಾ ಐದು ಹತ್ತು ನಿಮಿಷ ಮಗುವಿನ ಜೊತೆ ಮಾತಾಡಲು ಸಿಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಈಗಾಗಲೇ ದಿನಾ ಮಾತಾಡಿಸುತ್ತಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಇವತ್ತಿನಿಂದ ಶುರು ಮಾಡಿ, ಆದೇಶಕ್ಕೆ ಕಾಯಬೇಡಿ. ಸ್ಪೀಕರಿನಲ್ಲಿ ಹಾಕಿ ಪಕ್ಕದಲ್ಲಿ ಕೂರುವುದು, ರೆಕಾರ್ಡ್ ಮಾಡುವುದು, ‘ಅಪ್ಪನಿಗೆ ಕೇಳು, ದುಡ್ಡು ಯಾವಾಗ ಕಳಿಸ್ತಾರೆ ಅಂತ’ ಎಂದು ಹೇಳಿಕೊಡುವುದು ಬೇಡ. ನ್ಯಾಯಾಧೀಶರು ತಮ್ಮ ಕೊಠಡಿಗೆ ಕರೆಸಿ ಮಗನ ಜೊತೆ ಮಾತಾಡುವ ಸಾಧ್ಯತೆ ಇದೆ. ತಿಳಿದು ಹೇಳುವಷ್ಟು ದೊಡ್ಡದಾದ ಮಗುವಿನ ಇಷ್ಟವನ್ನು ಪರಿಗಣಿಸಬಹುದು ಎಂದು 1890ರ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ, ವಯಸ್ಸು ನಿಗದಿ ಮಾಡಿಲ್ಲ. ಪಾಠ ಒಪ್ಪಿಸಿದ ಹಾಗೆ ಮಾತಾಡುವ ಮಗುವನ್ನು ಅವರು ಎರಡೇ ನಿಮಿಷದಲ್ಲಿ ಗುರುತಿಸುತ್ತಾರೆ.

ಆದರೆ ‘ದಿನಾ ರಾತ್ರಿ ಎಂಟಕ್ಕೆ ವಿಡಿಯೊ ಕಾಲ್’ ಎಂದು ಹೈದರಾಬಾದಿನಲ್ಲಿ ಕುಳಿತು ಬರೆದ ಆದೇಶಕ್ಕೆ ನಮ್ಮ ಮಳೆಗಾಲ ಗೊತ್ತಿರುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಕರೆಂಟ್ ಹೋದರೆ ಎರಡು ದಿನ ಬರದೇ ಇರಬಹುದು, ಅದರ ಹಿಂದೆಯೇ ನೆಟ್‌ವರ್ಕ್ ಕೂಡ ಹೋಗುತ್ತದೆ. ಅದು ಕೊಡಗಿನವರಿಗೆ ಸುದ್ದಿಯೇ ಅಲ್ಲ. ಕಾಗದದ ಮೇಲೆ ಮಾತ್ರ ಕಾಲ್ ತಪ್ಪಿದ್ದು ಆದೇಶದ ಉಲ್ಲಂಘನೆ, ಸತತ ಹತ್ತು ದಿನ ಕಾಲ್ ತಪ್ಪಿದರೆ ‘ಬೇಕೆಂದೇ ತಪ್ಪಿಸಿದಳು’ ಎಂದು ಅರ್ಜಿ ಬರುತ್ತದೆ. ಆದ್ದರಿಂದ ವಿಡಿಯೊ ಆಗದಿದ್ದರೆ ಸಾದಾ ಫೋನ್, ಅದೂ ಆಗದಿದ್ದರೆ ಸಂಪರ್ಕ ಬಂದ ದಿನ ಎರಡು ಹೊತ್ತು ಎಂದು ಬರೆಸಿ. ಆಯಾ ದಿನವೇ ‘ಕರೆಂಟ್ ಇಲ್ಲ, ನೆಟ್‌ವರ್ಕ್ ಬಂದ ಕೂಡಲೇ ಮಾಡಿಸುತ್ತೇನೆ’ ಎಂದು ಒಂದು ಎಸ್ಸೆಮ್ಮೆಸ್ ಹಾಕಿ, ಅದು ಹೋಗುವುದು ಮಾರನೇ ದಿನವಾದರೂ ಪರವಾಗಿಲ್ಲ. ಮಳೆಗಾಲದ ಭೇಟಿಗೂ ಇದೇ ಮಾತು. ಮಳೆಗೆ ಶಾಲೆಗೆ ರಜೆ ಕೊಡುವ ಜಿಲ್ಲೆಯಲ್ಲಿ ಜುಲೈ ತಿಂಗಳ ಭೇಟಿಗೆ ಬದಲಿ ದಿನಾಂಕ ಮೊದಲೇ ಇಟ್ಟುಕೊಳ್ಳಬೇಕು.

ಇನ್ನೊಂದು ಇಲ್ಲಿಯವರಿಗೇ ಗೊತ್ತಿರುವ ವಿಷಯ ಹಬ್ಬಗಳದ್ದು. ಕೈಲ್ ಮುಹೂರ್ತ (ಕೈಲ್‌ಪೊಳ್ದ್), ತುಲಾ ಸಂಕ್ರಮಣ, ಹುತ್ತರಿ (ಪುತ್ತರಿ), ಈ ಮೂರಕ್ಕೆ ಸರ್ಕಾರ ಕೊಡಗಿಗೆ ಮಾತ್ರ ರಜೆ ಕೊಡುತ್ತದೆ. ಹೈದರಾಬಾದಿನ ವಕೀಲರ ಕರಡಿನಲ್ಲಿ ದಸರಾ, ಸಂಕ್ರಾಂತಿ, ಬೇಸಿಗೆ ರಜೆ ಇರುತ್ತವೆ, ಇವು ಇರುವುದಿಲ್ಲ. ಆಮೇಲೆ ಪ್ರತಿ ವರ್ಷ ಪುತ್ತರಿಗೆ ಎಳೆದಾಟ. ನೀವೇ ಮುಂದಾಗಿ ಬರೆಸಿ: ಪುತ್ತರಿಗೆ ಕದಿರು (ಹೊಸ ಭತ್ತದ ತೆನೆ) ತೆಗೆಯುವ ದಿನ ಮಕ್ಕಳು ಅಪ್ಪನ ಐನ್‌ಮನೆಯಲ್ಲಿ, ಕೈಲ್‌ಪೊಳ್ದ್ ನಿಮ್ಮಲ್ಲಿ, ಹೀಗೆ. ಬೇಸಿಗೆ ರಜೆಯಲ್ಲಿ ಅರ್ಧ, ದಸರಾ ರಜೆಯಲ್ಲಿ ಅರ್ಧ ಅವರಿಗೆ. ಹುಟ್ಟುಹಬ್ಬ ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ.

ನಿಮ್ಮ ಕೇಸಿನಲ್ಲಿ ಬೇರೆಯವರಿಗೆ ಇಲ್ಲದ ಒಂದು ಸೌಕರ್ಯ ಇದೆ, ನೀವು ಅದನ್ನು ಗಮನಿಸಿದಂತಿಲ್ಲ. ಅದು ನಾಪೋಕ್ಲಿನಲ್ಲಿರುವ ನಿಮ್ಮ ಅತ್ತೆ-ಮಾವನ ಮನೆ. ಸಾಮಾನ್ಯವಾಗಿ ಬೇರೆ ರಾಜ್ಯದ ತಂದೆ ಬಂದರೆ ಮಕ್ಕಳನ್ನು ಕೋರ್ಟಿನ ಆವರಣದಲ್ಲೋ, ಹೋಟೆಲಿನ ರೂಮಿನಲ್ಲೋ ನೋಡಬೇಕು. ನಿಮ್ಮ ಮಕ್ಕಳಿಗೆ ಇದೇ ಜಿಲ್ಲೆಯಲ್ಲಿ ಅಜ್ಜ ಅಜ್ಜಿಯ ಮನೆ ಇದೆ. ತಿಂಗಳಿಗೊಂದು ಶನಿವಾರ ಭಾನುವಾರ ನಿಮ್ಮ ಗಂಡ ಇಲ್ಲಿಗೆ ಬಂದು ಮಕ್ಕಳನ್ನು ನಾಪೋಕ್ಲಿಗೆ ಕರೆದುಕೊಂಡು ಹೋಗಲಿ ಎಂದು ನೀವೇ ಹೇಳಿದರೆ, ದೂರ ಎಂಬ ಅವರ ವಾದದ ಅರ್ಧ ಭಾಗ ಅಲ್ಲಿಗೇ ಹೋಯಿತು. ಮಕ್ಕಳ ಬೇರು ಇಲ್ಲೇ ಇದೆ, ಎರಡೂ ಕಡೆಯ ಬಂಧುಗಳು ಇಲ್ಲೇ ಇದ್ದಾರೆ ಎಂಬುದೂ ಕಡತಕ್ಕೆ ಸೇರಿತು. ಹೈದರಾಬಾದಿಗೆ ಹೋಗುವ ರಜೆಗಳಲ್ಲಿ ಮಕ್ಕಳನ್ನು ಒಪ್ಪಿಸುವ ಜಾಗ ಮೈಸೂರು ಎಂದಿಟ್ಟುಕೊಳ್ಳಿ. ಅಲ್ಲಿಂದ ಹೈದರಾಬಾದಿನ ಕಾಚಿಗುಡಕ್ಕೆ ರೈಲಿದೆ, ನಮ್ಮ ಜಿಲ್ಲೆಗೆ ರೈಲೇ ಇಲ್ಲ. ಸಮಯ ಹಗಲಿನದಾಗಿರಲಿ. ತಿತಿಮತಿಯ ಆನೆ ರಸ್ತೆಯಲ್ಲಿ ಕತ್ತಲಾದ ಮೇಲೆ ಮಲಗಿರುವ ಮಕ್ಕಳನ್ನು ಹಿಂದಿನ ಸೀಟಿನಲ್ಲಿಟ್ಟುಕೊಂಡು ಬರುವ ಸ್ಥಿತಿ ಆದೇಶದಿಂದಾಗಿ ಬರಬಾರದು. ಟಿಕೆಟಿನ ಖರ್ಚು ಯಾರದು ಎಂದೂ ಬರೆಸಿ, ಸಣ್ಣ ವಿಷಯ ಎಂದು ಬಿಟ್ಟರೆ ಅಲ್ಲೇ ಜಗಳ ಶುರುವಾಗುವುದು.

ಇದನ್ನೆಲ್ಲ ಎರಡೂ ಒಕ್ಕದ ಹಿರಿಯರು ಕೂತು ಮಾತಾಡಿ ಮುಗಿಸಬಹುದಲ್ಲ ಎಂದು ಕೇಳಬಹುದು. ಮುಗಿಸಿದರೆ ಸಂತೋಷ, ಹಿರಿಯರ ಮುಂದೆ ಒಪ್ಪಿದ್ದಕ್ಕೆ ನಮ್ಮಲ್ಲಿ ತೂಕವಿದೆ. ಆದರೆ ಛಾಪಾ ಕಾಗದದ ಮೇಲೆ ಬರೆದು ಸಹಿ ಹಾಕಿ ಟ್ರಂಕಿನಲ್ಲಿಟ್ಟರೆ ಜಾರಿ ಮಾಡಿಸಲಾಗದು. ಒಪ್ಪಿದ್ದನ್ನು ಕೋರ್ಟಿನ ಮಧ್ಯಸ್ಥಿಕೆ ಕೇಂದ್ರದಲ್ಲೋ ಲೋಕ ಅದಾಲತ್‌ನಲ್ಲೋ ದಾಖಲಿಸಿ. ಲೋಕ ಅದಾಲತ್‌ನ ತೀರ್ಮಾನಕ್ಕೆ ಡಿಕ್ರಿಯ (ಕೋರ್ಟಿನ ತೀರ್ಪಿನ) ಬಲವಿದೆ, ಮೇಲ್ಮನವಿಯಿಲ್ಲ. ಕೇಸು ಹಾಕುವ ಮೊದಲೇ ಅಲ್ಲಿಗೆ ಹೋಗಲೂಬಹುದು. ‘ಇನ್ನು ಮುಂದೆ ಯಾವತ್ತೂ ಮಕ್ಕಳನ್ನು ಕೇಳುವುದಿಲ್ಲ’ ಎಂದು ಯಾರಾದರೂ ಬರೆದುಕೊಟ್ಟರೆ ಮಾತ್ರ ಅದನ್ನು ನಂಬಿ ಕೂರಬೇಡಿ. ಸುಪರ್ದಿಯ ಆದೇಶ ಎಂದಿಗೂ ತಾತ್ಕಾಲಿಕವೇ, ಮಗುವಿನ ಹಿತ ಬದಲಾದರೆ ಆದೇಶವೂ ಬದಲಾಗಬಹುದು ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿದೆ.

ಈಗ ಪುತ್ತರಿ. ಕಳಿಸಿ ಎಂದೇ ನನ್ನ ಅಭಿಪ್ರಾಯ, ಆದರೆ ಬರೀ ಬಾಯಿ ಮಾತಿನ ಮೇಲಲ್ಲ. ಕಾನೂನಿನ ಪ್ರಕಾರ ಇಂದು ಯಾವ ಆದೇಶವೂ ಇಲ್ಲ. ಅವರು ಹಾಗೇ ಕರೆದುಕೊಂಡು ಹೋದರೆ ಠಾಣೆಯಲ್ಲಿ ‘ಅಪ್ಪ ತಾನೇ, ಸಿವಿಲ್ ಮ್ಯಾಟರು, ಕೋರ್ಟಿಗೆ ಹೋಗಿ’ ಎನ್ನುತ್ತಾರೆ. ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ (ಅಕ್ರಮ ಬಂಧನದಲ್ಲಿರುವವರನ್ನು ಕೋರ್ಟಿನ ಮುಂದೆ ತರಿಸುವ ಅರ್ಜಿ) ಹಾಕಬಹುದು. ಮಗುವನ್ನು ಕಾನೂನುಬಾಹಿರವಾಗಿ ಇಟ್ಟುಕೊಂಡಿದ್ದರೆ ಅದು ನಡೆಯುತ್ತದೆ ಎಂದು 2019ರ ತೇಜಸ್ವಿನಿ ಗೌಡ್ ತೀರ್ಪಿನಲ್ಲಿದೆ. ಆದರೆ ಅಪ್ಪನ ಕೈಯಲ್ಲಿರುವ ಮಗು ಅಕ್ರಮ ಬಂಧನದಲ್ಲಿದೆ ಎಂದು ತೋರಿಸುವುದು ಸುಲಭವಲ್ಲ. ಇಂಥ ದಿನ ವಾಪಸು ತರಬೇಕು ಎಂಬ ಆದೇಶ ಕೈಯಲ್ಲಿದ್ದರೆ ಅದೇ ಕೆಲಸ ಹತ್ತು ಪಟ್ಟು ಹಗುರ.

ಹಾಗಾಗಿ ಹೈದರಾಬಾದಿನ ಕೋರ್ಟಿನಲ್ಲೇ, ನ್ಯಾಯವ್ಯಾಪ್ತಿಯ ತಕರಾರಿಗೆ ಬಾಧೆಯಿಲ್ಲದಂತೆ ಎಂದು ಸ್ಪಷ್ಟವಾಗಿ ಬರೆದು, ಒಂದು ಜಂಟಿ ಮೆಮೊ (ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ) ಹಾಕಿಸಿ: ಮಕ್ಕಳು ಇಂಥ ದಿನ ಬೆಳಿಗ್ಗೆ ನಾಪೋಕ್ಲಿಗೆ, ಇಂಥ ದಿನ ಸಂಜೆ ನಾಲ್ಕಕ್ಕೆ ಪೊನ್ನಂಪೇಟೆಗೆ ವಾಪಸು, ನಡುವೆ ಜಿಲ್ಲೆ ಬಿಟ್ಟು ಹೋಗುವಂತಿಲ್ಲ. ಅವರ ಮನಸ್ಸಿನಲ್ಲಿ ಬೇರೆ ಯೋಚನೆ ಇಲ್ಲದಿದ್ದರೆ ಸಹಿ ಹಾಕಲು ಅಡ್ಡಿ ಇಲ್ಲ. ಹಾಕಲು ಹಿಂದೇಟು ಹೊಡೆದರೆ ಅದೂ ನಿಮಗೊಂದು ಉತ್ತರವೇ. ಆಗ ಕಳಿಸುವ ಬದಲು ನಿಮ್ಮ ಅಣ್ಣನೋ ತಮ್ಮನೋ ಮಕ್ಕಳ ಜೊತೆ ಹೋಗಿ, ಕದಿರು ತೆಗೆದು, ಊಟ ಮಾಡಿಸಿಕೊಂಡು ಅದೇ ರಾತ್ರಿ ಕರೆತರಲಿ. ಕಳಿಸಲೇ ಇಲ್ಲ ಎಂಬ ಮಾತು ಬರುವುದಿಲ್ಲ.

ಆದೇಶ ಮುರಿದವರಿಗೆ ಏನು ಶಿಕ್ಷೆ ಎಂದು ಕೇಳಿದರೆ ನಗು ಬರುತ್ತದೆ. 1890ರ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ದಂಡ ನೂರು ರೂಪಾಯಿ ಮೀರುವಂತಿಲ್ಲ, ಹಠ ಮುಂದುವರಿದರೆ ದಿನಕ್ಕೆ ಹತ್ತು ರೂಪಾಯಿ, ಅದೂ ಒಟ್ಟು ಐನೂರು ದಾಟುವಂತಿಲ್ಲ. ಮಗುವನ್ನು ಹಾಜರುಪಡಿಸಲು ಒಪ್ಪುವವರೆಗೆ ಸಿವಿಲ್ ಜೈಲಿನಲ್ಲಿಡುವ ಮಾತೂ ಅದರಲ್ಲೇ ಇದೆ, ಹೆದರುವುದು ಅದಕ್ಕೆ. ಅದರ ಜೊತೆಗೆ ನ್ಯಾಯಾಂಗ ನಿಂದನೆಯ ದಾರಿ ಬೇರೆ. ಈ ಅಸ್ತ್ರ ನಿಮ್ಮ ಮೇಲೂ ಬರಬಹುದು. ಕೋರ್ಟಿನ ಗಡಿ ದಾಟಿಸಿ ಮಕ್ಕಳನ್ನು ಬೇರೆ ಊರಿಗೆ, ಬೇರೆ ಶಾಲೆಗೆ ಹಾಕುವ ಆಲೋಚನೆ ಬಂದರೆ ಮೊದಲು ಅನುಮತಿ ಕೇಳಿ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಅದು. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಹೈದರಾಬಾದಿನ ಪ್ರಾಧಿಕಾರದಿಂದ ಅಲ್ಲಿಯ ವಕೀಲರನ್ನು ಕೊಡಿಸಲು ಕೇಳಿ. ಸುಪ್ರೀಂ ಕೋರ್ಟಿಗೆ ವರ್ಗಾವಣೆ ಅರ್ಜಿ ಬೇಕಾದರೆ ದೆಹಲಿಯಲ್ಲೂ ಅದಕ್ಕೆಂದೇ ಸಮಿತಿ ಇದೆ. ಫೋನಿನಲ್ಲಿ ವಿಚಾರಿಸಲು 15100. ನೋಟಿಸಿನ ಎಲ್ಲ ಪುಟಗಳ ನಕಲು, ಅದು ಬಂದ ಲಕೋಟೆ, ಮದುವೆಯ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರ ಮತ್ತು ಶಾಲೆಯ ಕಾಗದಗಳನ್ನು ತೆಗೆದುಕೊಂಡು ಹೋಗಿ. ಲಕೋಟೆಯನ್ನು ಬಿಸಾಡಿದ್ದರೆ ಅಂಚೆಯಣ್ಣನನ್ನು ಕೇಳಿ ತಲುಪಿದ ದಿನಾಂಕ ಬರೆದಿಟ್ಟುಕೊಳ್ಳಿ, ಹಾಜರಾಗಲು ಎಷ್ಟು ದಿನ ಉಳಿದಿದೆ ಎಂದು ಲೆಕ್ಕ ಹಾಕಲು ವಕೀಲರು ಮೊದಲು ಕೇಳುವುದು ಅದನ್ನೇ.